ಬ್ರೇಕ್ ಪೈಪು ಮನೆಯಲ್ಲೇ ಮಾಡಬಹುದು, ಆದರೆ ತಾಮ್ರದಲ್ಲಿ ಬೇಡ

ಪ್ರಶ್ನೆ: ನಾನು ಕುಂದಾಪುರ ಕಡೆಯವನು. ನನ್ನದು 1997ರ ಮಾರುತಿ ಜಿಪ್ಸಿ. ಹಿಂದಿನ ಆಕ್ಸಲ್ ಮೇಲಿನ ಬ್ರೇಕ್ ಪೈಪು ತುಕ್ಕು ಹಿಡಿದು ಆಯಿಲ್ ಜಿನುಗುತ್ತಿದೆ. ಹತ್ತಿರದ ಸ್ಪೇರ್ ಅಂಗಡಿಗಳಲ್ಲಿ ಆ ಪೈಪು ಸಿಗಲಿಲ್ಲ. ಎಸಿ ಕೆಲಸದ ತಾಮ್ರದ ಪೈಪು ತಂದರೆ ಫ್ಲೇರ್ ಹೊಡೆದು (ಅಂದರೆ ಪೈಪಿನ ತುದಿಯನ್ನು ಅರಳಿಸಿ) ಕೂರಿಸಿಕೊಡುತ್ತೇನೆ ಎಂದು ಮೆಕ್ಯಾನಿಕ್ ಹೇಳುತ್ತಾರೆ. ಎರಡು ವರ್ಷದ ಹಿಂದೆ ಮುಂದಿನ ಎಡ ಚಕ್ರಕ್ಕೆ ಹಾಗೆಯೇ ಹಾಕಿದ್ದರು, ಈವರೆಗೆ ತೊಂದರೆಯಿಲ್ಲ. ಇದು ಸರಿಯೇ? ಮನೆಯಲ್ಲಿ ನಾನೇ ಮಾಡಿಕೊಳ್ಳುವುದಾದರೆ ಏನೇನು ಬೇಕು, ಹೇಗೆ ಮಾಡಬೇಕು?

ಉತ್ತರ: ಮೊದಲನೆಯದಾಗಿ, ಈ ಕೆಲಸ ಮುಗಿಯುವ ತನಕ ಗಾಡಿಯನ್ನು ರಸ್ತೆಗೆ ಇಳಿಸಬೇಡಿ. ತುಕ್ಕಿನಿಂದ ಜಿನುಗುವ ಪೈಪಿನಲ್ಲಿ ಲೋಹ ಕಾಗದದಷ್ಟು ತೆಳ್ಳಗೆ ಉಳಿದಿರುತ್ತದೆ. ಮೆಲ್ಲಗೆ ಬ್ರೇಕ್ ಒತ್ತುವಾಗ ಹನಿ ಹನಿ ಒಸರುವ ಪೈಪು, ದನ ಅಡ್ಡ ಬಂತೆಂದು ಪೆಡಲನ್ನು ಜೋರಾಗಿ ತುಳಿದಾಗ ಸೀಳುತ್ತದೆ. ಒತ್ತಡ ಅತಿ ಹೆಚ್ಚಾಗುವುದೇ ಆಗ. ಗಟ್ಟಿಯಾಗಿ ಬ್ರೇಕ್ ತುಳಿದಾಗ ಪೈಪಿನೊಳಗೆ 100 ಬಾರ್ ಆಸುಪಾಸು, ಅಂದರೆ ಸುಮಾರು 1,450 ಪಿಎಸ್‌ಐ ಒತ್ತಡ ಏಳುತ್ತದೆ. ನಿಮ್ಮ ಟೈರಿನಲ್ಲಿ ಇರುವುದು 30 ಪಿಎಸ್‌ಐ ಒಳಗೆ. ಬ್ರೇಕ್ ಆಯಿಲಿನ ಎರಡು ಪ್ರತ್ಯೇಕ ಸರ್ಕ್ಯೂಟುಗಳಲ್ಲಿ ಒಂದು ಹೋದರೂ ಇನ್ನೊಂದು ಉಳಿಯುತ್ತದೆ ಎನ್ನುವುದು ನಿಜವಾದರೂ, ಹಾಗೆ ಆದಾಗ ಪೆಡಲ್ ನೆಲದ ಹತ್ತಿರಕ್ಕೆ ಇಳಿಯುತ್ತದೆ, ಗಾಡಿ ನಿಲ್ಲಲು ಬೇಕಾದ ದೂರ ಬಹಳ ಹೆಚ್ಚುತ್ತದೆ.

ಜಿನುಗುತ್ತಿರುವುದು ಪೈಪೇ ಹೌದೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಬ್ರೇಕ್ ಡ್ರಮ್ಮಿನ ಒಳಬದಿಯ ತಗಡಿನ ಕೆಳಗೆ ಒದ್ದೆಯಿದ್ದರೆ ಸೋರುತ್ತಿರುವುದು ಚಕ್ರದ ಬಳಿ ಬ್ರೇಕನ್ನು ಒತ್ತುವ ವೀಲ್ ಸಿಲಿಂಡರ್ ಇರಬಹುದು. ಅಂಥ ಸೋರಿಕೆಗೆ ಪೈಪು ಬದಲಿಸಿ ಪ್ರಯೋಜನವಿಲ್ಲ.

ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇಲ್ಲದ ಹಳೆಯ ಗಾಡಿಯ ಬ್ರೇಕ್ ಪೈಪನ್ನು ಮನೆಯಲ್ಲಿ ಮಾಡಬಹುದು. ವಸ್ತು ಸರಿಯಿರಬೇಕು, ಫ್ಲೇರಿನ ಜಾತಿ ಸರಿಯಿರಬೇಕು, ಗಾಡಿಗೆ ಕೂರಿಸುವ ಮೊದಲು ಹತ್ತಾರು ಫ್ಲೇರ್ ಹೊಡೆದು ಕೈ ಪಳಗಿರಬೇಕು. ಎಬಿಎಸ್ ಇರುವ ಗಾಡಿಗಳ ಮಾತು ಬೇರೆ. ಅವುಗಳ ಹೈಡ್ರಾಲಿಕ್ ಘಟಕದೊಳಗೆ ಗಾಳಿ ಸೇರಿಕೊಂಡರೆ ಪೆಡಲ್ ತುಳಿದು ಹೊರಗೆ ತೆಗೆಯಲು ಆಗದೆ ಸ್ಕ್ಯಾನ್ ಟೂಲ್ ಬೇಕಾಗಬಹುದು, ಹಾಗಾಗಿ ಆ ಕೆಲಸವನ್ನು ವರ್ಕ್‌ಶಾಪಿಗೇ ಬಿಡಿ. ನಿಮ್ಮ ಜಿಪ್ಸಿಗೆ ಆ ತೊಡಕಿಲ್ಲ.

ತಾಮ್ರದ ಪೈಪು ಬೇಡ. ಕಾರಣ ತಿಳಿದಿದ್ದರೆ ಮೆಕ್ಯಾನಿಕ್ಕಿಗೂ ಹೇಳಬಹುದು. ಒಳಗಿನ ಒತ್ತಡಕ್ಕೆ ತಾಮ್ರ ಒಡನೆ ಒಡೆಯುವುದಿಲ್ಲ. 4.75 ಮಿ.ಮೀ. ಪೈಪಿನ ಗೋಡೆ 0.7 ಮಿ.ಮೀ. ದಪ್ಪವಿದ್ದರೆ ತಾಮ್ರವೂ ಆ ಒತ್ತಡವನ್ನು ತಡೆಯುತ್ತದೆ. ಅದಕ್ಕೇ ಹಾಕಿದ ದಿನ ಎಲ್ಲ ಸರಿಯಾಗಿ ಕಾಣುತ್ತದೆ, ಎರಡು ವರ್ಷ ತೊಂದರೆಯೂ ಬರುವುದಿಲ್ಲ. ತಾಮ್ರ ಸೋಲುವುದು ನಡುಕಕ್ಕೆ. ಮೆತ್ತಗಿನ ತಾಮ್ರ ಬಾಗಿದಂತೆಲ್ಲ, ಅದುರಿದಂತೆಲ್ಲ ಗಡುಸಾಗುತ್ತ ಹೋಗುತ್ತದೆ. ಒಂದು ತಾಮ್ರದ ತಂತಿಯನ್ನು ಅದೇ ಜಾಗದಲ್ಲಿ ಹತ್ತಿಪ್ಪತ್ತು ಸಲ ಹಿಂದೆ ಮುಂದೆ ಬಗ್ಗಿಸಿ ನೋಡಿ. ಮೊದಲು ಬೆಣ್ಣೆಯಂತೆ ಬಗ್ಗುತ್ತದೆ, ಆಮೇಲೆ ಬಿಗಿಯಾಗುತ್ತದೆ, ಕೊನೆಗೆ ಪಟ್ ಎಂದು ಮುರಿಯುತ್ತದೆ. ಲೀಫ್ ಸ್ಪ್ರಿಂಗಿನ ಜಿಪ್ಸಿಯಲ್ಲಿ ಆಕ್ಸಲ್ ಮೇಲಿನ ಪೈಪು ಗುಂಡಿ ಗುಂಡಿಗೂ ಅದುರುತ್ತದೆ. ನಟ್ಟಿನ ಹಿಂದೆ, ಫ್ಲೇರಿನ ಕುತ್ತಿಗೆಯಲ್ಲಿ ಕೂದಲಿನಷ್ಟು ಬಿರುಕು ಹುಟ್ಟಿ ಸುತ್ತಲೂ ಹರಡುತ್ತದೆ. ನಟ್ಟು ಮುಚ್ಚಿಕೊಂಡಿರುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ.

ಇನ್ನೊಂದು ಅಡ್ಡಿಯೂ ಇದೆ. ಎಸಿ ಕೆಲಸದವರ ಫ್ಲೇರಿಂಗ್ ಟೂಲ್ ಹೊಡೆಯುವುದು ಒಂಟಿ ಫ್ಲೇರ್. ಪೈಪಿನ ಬಾಯಿಯನ್ನು ಒಂದೇ ಪದರದಲ್ಲಿ ಅಗಲಿಸುತ್ತದೆ ಅಷ್ಟೆ. ಅಗಲವಾದಷ್ಟೂ ಅಂಚು ತೆಳುವಾಗುತ್ತದೆ, ನಟ್ಟಿನ ಒತ್ತಿಗೆ ಸೀಳುತ್ತದೆ. ಬ್ರೇಕಿಗೆ ಬೇಕಾದದ್ದು ಅಂಚನ್ನು ಒಳಕ್ಕೆ ಮಡಚಿ ಎರಡು ಪದರ ಮಾಡುವ ಡಬಲ್ ಫ್ಲೇರ್. ನೀರಿನ ಪೈಪಿಗೆ ಬಳಸುವ ಬಳೆ ಹಾಕಿ ಬಿಗಿಯುವ ಕಂಪ್ರೆಷನ್ ಜಾಯಿಂಟನ್ನಂತೂ ಬ್ರೇಕ್ ಲೈನಿನ ಹತ್ತಿರಕ್ಕೂ ತರಬೇಡಿ. ಜೋರಾದ ಒತ್ತಡಕ್ಕೆ ಪೈಪು ಬಳೆಯಿಂದ ಜಾರಿ ಹೊರಗೆ ಬರುತ್ತದೆ.

ಹಾಕಬೇಕಾದದ್ದು ಕ್ಯುಪ್ರೋನಿಕಲ್ ಪೈಪು, ಅಂದರೆ ಸುಮಾರು 90 ಪಾಲು ತಾಮ್ರಕ್ಕೆ 10 ಪಾಲು ನಿಕಲ್, ಜೊತೆಗೆ ಸ್ವಲ್ಪ ಕಬ್ಬಿಣ, ಮ್ಯಾಂಗನೀಸ್ ಬೆರೆತ ಮಿಶ್ರಲೋಹ. ಹಡಗುಗಳಲ್ಲಿ ಸಮುದ್ರದ ನೀರು ಹರಿಯುವ ಕೊಳವೆಗಳಿಗೆ ಬಳಸುವುದು ಇದೇ ಕುಟುಂಬದ ಲೋಹ. ಮರವಂತೆಯಲ್ಲಿ ಅಲೆಯ ಪಕ್ಕದಲ್ಲೇ ಹೆದ್ದಾರಿ 66ರಲ್ಲಿ ಓಡಾಡುವ ಗಾಡಿಗೆ ಇದಕ್ಕಿಂತ ಒಪ್ಪುವ ಪೈಪು ಇಲ್ಲ. ಕೈಯಲ್ಲಿ ಬಗ್ಗುತ್ತದೆ, ಚೆನ್ನಾಗಿ ಫ್ಲೇರ್ ಆಗುತ್ತದೆ, ನಡುಕವನ್ನು ತಾಮ್ರಕ್ಕಿಂತ ಬಹಳ ಚೆನ್ನಾಗಿ ತಾಳಿಕೊಳ್ಳುತ್ತದೆ. ಕೊಳ್ಳುವಾಗ ಬಣ್ಣ ನೋಡಿ: ತಾಮ್ರ ಕೆಂಪು-ಕಿತ್ತಳೆ, ಕ್ಯುಪ್ರೋನಿಕಲ್ ಮಾಸಲು ಗುಲಾಬಿ, ಹೊಸದಾಗಿ ಕತ್ತರಿಸಿದ ತುದಿಯಲ್ಲಿ ಬೆಳ್ಳಿ ಛಾಯೆ. ಜೇಬಿನಲ್ಲಿ ಒಂದು ಅಯಸ್ಕಾಂತ ಇರಲಿ. ಅದು ಅಂಟಿಕೊಂಡರೆ ನಿಮ್ಮ ಕೈಯಲ್ಲಿರುವುದು ತಾಮ್ರದ ಲೇಪನವಿರುವ ಉಕ್ಕು. ಅದೂ ತಪ್ಪಲ್ಲ. ಕಾರ್ಖಾನೆಯಿಂದ ಬರುವ ಪೈಪು ಹೆಚ್ಚಾಗಿ ಉಕ್ಕಿನ ಪಟ್ಟಿಯನ್ನು ಎರಡು ಸುತ್ತು ಸುತ್ತಿ ತಾಮ್ರದಿಂದ ಬೆಸೆದದ್ದೇ ಆಗಿರುತ್ತದೆ. ಆದರೆ ಉಕ್ಕಿಗೆ ಅಗ್ಗದ ಟೂಲಿನಲ್ಲಿ ಒಳ್ಳೆಯ ಫ್ಲೇರ್ ಹೊಡೆಯುವುದು ಕಷ್ಟ, ಮೊದಲ ಸಲಕ್ಕೆ ಬೇಡ. ಒಂದೇ ಪದರದ, ಉದ್ದಕ್ಕೂ ಬೆಸುಗೆಯ ಗೆರೆಯಿರುವ ಉಕ್ಕಿನ ಪೈಪಾದರೆ ಆ ಗೆರೆಯಲ್ಲೇ ಸೀಳುತ್ತದೆ.

ಪೈಪಿನ ಹೊರಅಳತೆ 4.75 ಮಿ.ಮೀ., ಇಂಚಿನ ಲೆಕ್ಕದಲ್ಲಿ 3/16. ಮಾರುಕಟ್ಟೆಯಲ್ಲಿ 25 ಅಡಿಯ, ಅಂದರೆ 7.6 ಮೀಟರಿನ ಸುರುಳಿಯಾಗಿ ಬರುತ್ತದೆ. ಆಕ್ಸಲ್ ಮೇಲಿನ ಎರಡು ತುಂಡುಗಳಿಗೂ ಅಭ್ಯಾಸಕ್ಕೂ ಧಾರಾಳವಾಗಿ ಸಾಕು. ಚಾಸಿಯ ಉದ್ದಕ್ಕೂ ಹೋಗುವ ಪೈಪನ್ನೂ ಪರೀಕ್ಷಿಸಿ ಎಂದೇ ನಮ್ಮ ಸಲಹೆ. ಕ್ಲಿಪ್ಪುಗಳನ್ನು ಬಿಚ್ಚಿ ಅವುಗಳ ಅಡಿಯಲ್ಲಿ ನೋಡಬೇಕು. ಬಯಲಲ್ಲಿರುವ ಪೈಪು ಕಪ್ಪಗೆ ಗಟ್ಟಿಯಾಗಿ ಕಾಣುತ್ತಿದ್ದರೂ, ಕ್ಲಿಪ್ಪಿನ ಒಳಗೆ ಮರಳು, ಕೆಸರು, ಉಪ್ಪಿನ ನೀರು ಸೇರಿಕೊಂಡು ಅಲ್ಲೊಂದು ಬೆರಳಗಲದಲ್ಲಿ ಪೈಪು ಪೊರೆ ಪೊರೆಯಾಗಿ ಎದ್ದಿರುತ್ತದೆ. ಸ್ಕ್ರೂಡ್ರೈವರ್ ತುದಿಯಿಂದ ಕೆರೆದಾಗ ಚಕ್ಕೆ ಏಳುವ ಪೈಪನ್ನು ಉಳಿಸಿಕೊಳ್ಳಬೇಡಿ.

ಈಗ ಪೈಪಿನ ತುದಿಯನ್ನು ಒತ್ತಿ ಹಿಡಿಯುವ ನಟ್ಟು. ಇದರ ಥ್ರೆಡ್ ಹೊರಮೈಯಲ್ಲಿರುತ್ತದೆ. ಇಲ್ಲಿ ಎಡವುವವರು ಬಹಳ. ಮಾರುತಿಯಂಥ ಜಪಾನೀ ಮೂಲದ ಗಾಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಎಂ10×1.0 ಥ್ರೆಡ್ (10 ಮಿ.ಮೀ. ವ್ಯಾಸ, ಸುತ್ತಿನ ಅಂತರ 1 ಮಿ.ಮೀ.), 45 ಡಿಗ್ರಿಯ ಡಬಲ್ ಫ್ಲೇರ್. ಅಮೆರಿಕದ ವಿಲ್ಲಿಸ್ ಮನೆತನದಿಂದ ಬಂದ ಹಳೆಯ ಮಹೀಂದ್ರ ಜೀಪುಗಳಲ್ಲಿ 3/8 ಇಂಚಿನ, ಇಂಚಿಗೆ 24 ಸುತ್ತಿನ ಥ್ರೆಡ್ ಸಿಗುತ್ತದೆ. ಎರಡೂ ನೋಡಲು ಒಂದೇ ಥರ. 3/8 ಇಂಚು ಎಂದರೆ 9.53 ಮಿ.ಮೀ., ಸುತ್ತಿನ ಅಂತರ 1.06 ಮಿ.ಮೀ. ಹಾಗಾಗಿ ಇಂಚಿನ ನಟ್ಟು ಎಂ10ರ ತೂತಿನೊಳಗೆ ಸಡಿಲವಾಗಿ ಇಳಿದು, ಬಿಗಿಯಾಯಿತು ಎಂಬ ಭ್ರಮೆ ಹುಟ್ಟಿಸಿ, ಒತ್ತಡ ಬಿದ್ದಾಗ ಥ್ರೆಡ್ಡನ್ನೇ ಕಿತ್ತುಕೊಂಡು ಬರುತ್ತದೆ. ಹಳೆಯ ನಟ್ಟನ್ನು ಅಂಗಡಿಗೆ ಕೊಂಡೊಯ್ದು ವರ್ನಿಯರ್ ಮತ್ತು ಪಿಚ್ ಗೇಜಿನಲ್ಲಿ ಅಳೆಸಿ. ಹೊಸ ನಟ್ಟು ತೂತಿನೊಳಗೆ ಬೆರಳಲ್ಲೇ ಪೂರ್ತಿ ಇಳಿಯಬೇಕು, ಅಲುಗಾಡಬಾರದು. ಪೈಪೊಂದಕ್ಕೆ ಎರಡರಂತೆ ಬೇಕು, ಎರಡು ಹೆಚ್ಚುವರಿ ತನ್ನಿ.

ಫ್ಲೇರಿನ ಜಾತಿ ಗುರುತಿಸಲು ಪೈಪು ಕೂರುವ ತೂತಿನ ತಳವನ್ನು ಟಾರ್ಚ್ ಹಾಕಿ ನೋಡಿ. ತಳದಲ್ಲಿ ಪುಟ್ಟ ಶಂಕುವಿನಂತೆ ಲೋಹ ಎದ್ದು ನಿಂತಿದ್ದರೆ ಅದಕ್ಕೆ ಆಲಿಕೆಯ ಬಾಯಿಯಂಥ ಡಬಲ್ ಫ್ಲೇರ್. ತಳವೇ ಆಲಿಕೆಯಂತೆ ಒಳಕ್ಕೆ ಇಳಿದಿದ್ದರೆ ಅದಕ್ಕೆ ಗುಂಡಗಿನ ಬಬಲ್ ಫ್ಲೇರ್. ಯುರೋಪಿನ ಗಾಡಿಗಳಲ್ಲಿ ಕಾಣುವುದು ಹೆಚ್ಚಾಗಿ ಎರಡನೆಯದು. ಒಂದರ ಜಾಗದಲ್ಲಿ ಇನ್ನೊಂದನ್ನು ಬಿಗಿದರೆ ಆ ಹೊತ್ತಿಗೆ ಸೋರದೇ ಇರಬಹುದು, ಆದರೆ ಕೂರುವ ಮುಖ ಹಾಳಾಗಿ ಆ ಬಿಡಿಭಾಗವನ್ನೇ ಬದಲಿಸಬೇಕಾಗುತ್ತದೆ. ನಟ್ಟಿನ ತುದಿಯೂ ಬೇರೆ. ಡಬಲ್ ಫ್ಲೇರಿನ ನಟ್ಟಿಗೆ ತುದಿಯಲ್ಲಿ ಒಳಮುಖವಾಗಿ ಓರೆ ಇರುತ್ತದೆ, ಬಬಲಿನ ನಟ್ಟಿಗೆ ಚಪ್ಪಟೆ ತುದಿ.

ಸಲಕರಣೆಗಳು ಹೆಚ್ಚಿಲ್ಲ. ಸಣ್ಣ ಟ್ಯೂಬ್ ಕಟರ್, ಒಳಅಂಚು ಕೆರೆಯುವ ರೀಮರ್, ನಯವಾದ ಅರ, ಡಬಲ್ ಫ್ಲೇರಿಂಗ್ ಕಿಟ್, 10 ಮಿ.ಮೀ. ಫ್ಲೇರ್ ನಟ್ ಪಾನಾ, ಬೆಂಚ್ ವೈಸ್. ಕಿಟ್ಟಿನಲ್ಲಿ ಎರಡು ಬಗೆ ಸಿಗುತ್ತವೆ. ಎರಡು ಪಟ್ಟಿಗಳ ನಡುವೆ ಪೈಪು ಕಚ್ಚಿಸಿ ಮೇಲಿನಿಂದ ಸ್ಕ್ರೂ ಒತ್ತುವ ಅಗ್ಗದ ಬಗೆ ಒಂದು. ವೈಸಿಗೆ ಕಚ್ಚಿಸಿ, ಪ್ರತಿ ಅಳತೆಗೂ ಬೇರೆ ಡೈ (ಪೈಪನ್ನು ಹಿಡಿಯುವ ಅಚ್ಚು) ಇರುವ ದುಬಾರಿ ಬಗೆ ಇನ್ನೊಂದು. ಕ್ಯುಪ್ರೋನಿಕಲ್ಲಿಗೆ ಮೊದಲನೆಯದೂ ಸಾಕು, ತಾಳ್ಮೆ ಬೇಕಷ್ಟೆ. ಎರಡನೆಯದರಲ್ಲಿ ಫ್ಲೇರ್ ನಡುವಿನಿಂದ ಸರಿಯುವ ತೊಂದರೆ ಬಹಳ ಕಡಿಮೆ. ಗೆಳೆಯರ ಬಳಗದಲ್ಲಿ ಹಳೆಯ ಜೀಪು, ಜಿಪ್ಸಿ ಇಟ್ಟುಕೊಂಡವರು ಮೂರ್ನಾಲ್ಕು ಜನರಿದ್ದರೆ ಸೇರಿ ಒಂದು ಒಳ್ಳೆಯದನ್ನೇ ಕೊಳ್ಳಿ.

ಹಳೆಯ ಪೈಪು ಬಿಚ್ಚುವ ಮೊದಲು ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡ ಕೊಟ್ಟು, ಸ್ಟ್ಯಾಂಡಿನ ಮೇಲೆ ಕೂರಿಸಿ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಹಿಂದಿನ ರಾತ್ರಿಯೇ ನಟ್ಟುಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿಡಿ. ಸಾಮಾನ್ಯ ಪಾನಾ ಹಾಕಿದರೆ ಮೆತ್ತಗಿನ ನಟ್ಟಿನ ಮೂಲೆಗಳು ಉರುಟಾಗುತ್ತವೆ. ಬರದಿದ್ದರೆ ಪೈಪನ್ನು ನಟ್ಟಿನ ಬುಡಕ್ಕೇ ಕತ್ತರಿಸಿ, ಆರು ಮೂಲೆಯ ಸಾಕೆಟ್ಟನ್ನು ಪೂರ್ತಿ ಇಳಿಸಿ ತಿರುಗಿಸಿ. ಹೇಗೂ ಬಿಸಾಡುವ ಪೈಪು, ಅಂಜಿಕೆ ಬೇಡ. ರಬ್ಬರ್ ಹೋಸಿನ ಕಡೆ ಬಿಚ್ಚುವಾಗ ಮಾತ್ರ ಹೋಸಿನ ತುದಿಯನ್ನು ಇನ್ನೊಂದು ಪಾನಾದಲ್ಲಿ ಹಿಡಿದುಕೊಳ್ಳಿ, ಇಲ್ಲವಾದರೆ ಹೋಸ್ ತಿರುಚಿಕೊಳ್ಳುತ್ತದೆ. ಆ ಹೋಸನ್ನು ಬಗ್ಗಿಸಿ ನೋಡಿದಾಗ ಬಿರುಕು ಕಂಡರೆ ಅದನ್ನೂ ಈಗಲೇ ಬದಲಿಸಿ.

ಬಿಚ್ಚುವಾಗ ಆಯಿಲ್ ಎಲ್ಲ ಸುರಿದುಹೋಗದಂತೆ, ಪೆಡಲನ್ನು ಮೂರ್ನಾಲ್ಕು ಸೆಂ.ಮೀ. ಒತ್ತಿ ಸೀಟಿನಿಂದ ಒಂದು ಕೋಲು ಕೊಟ್ಟು ಹಾಗೇ ನಿಲ್ಲಿಸಿ. ಪೆಡಲಿನ ಒತ್ತಡವನ್ನು ಆಯಿಲಿಗೆ ಕೊಡುವ ಮಾಸ್ಟರ್ ಸಿಲಿಂಡರಿನೊಳಗೆ ಬ್ರೇಕ್ ಆಯಿಲ್ ಡಬ್ಬಿಯಿಂದ ಬರುವ ದಾರಿ ಮುಚ್ಚಿಕೊಂಡು ತೊಟ್ಟಿಕ್ಕುವುದು ನಿಲ್ಲುತ್ತದೆ. ತೆರೆದ ತೂತುಗಳಿಗೆ ಸ್ವಚ್ಛ ರಬ್ಬರ್ ಮುಚ್ಚಳ ಹಾಕಿ. ಬ್ರೇಕ್ ಆಯಿಲ್ ಗಾಡಿಯ ಬಣ್ಣವನ್ನು ಎಬ್ಬಿಸುತ್ತದೆ, ಬಿದ್ದಲ್ಲಿ ಕೂಡಲೇ ನೀರು ಹಾಕಿ ತೊಳೆಯಿರಿ.

ಹಳೆಯ ಪೈಪನ್ನು ಮುರಿಯದೆ ತೆಗೆಯಲು ಬಂದರೆ ಅದೇ ನಿಮ್ಮ ಮಾದರಿ. ಮುರಿದಿದ್ದರೆ ಗಟ್ಟಿ ಜಿಐ ತಂತಿಯನ್ನು ದಾರಿಯುದ್ದಕ್ಕೂ ಬಗ್ಗಿಸಿ ಅಳತೆ ತೆಗೆದುಕೊಳ್ಳಿ. ಪ್ರತಿ ತುದಿಗೆ 1 ಸೆಂ.ಮೀ. ಹೆಚ್ಚು ಇಟ್ಟುಕೊಳ್ಳಿ. ಒಂದು ಫ್ಲೇರ್ ಕೆಟ್ಟರೆ ಕತ್ತರಿಸಿ ಮತ್ತೆ ಹೊಡೆಯಲು ಜಾಗ ಇರಬೇಕು. ಸುರುಳಿಯನ್ನು ಸ್ಪ್ರಿಂಗಿನಂತೆ ಎಳೆದು ಬಿಚ್ಚಬೇಡಿ. ತುದಿಯನ್ನು ನೆಲಕ್ಕೆ ಒತ್ತಿ ಹಿಡಿದು, ಚಾಪೆ ಬಿಚ್ಚುವ ಹಾಗೆ ಉರುಳಿಸಿ. ಒಮ್ಮೆ ಮಡಚಿಕೊಂಡ ಜಾಗ ನೇರ ಮಾಡಿದರೂ ಒಳಗೆ ಗಾಯ ಉಳಿಯುತ್ತದೆ, ಆ ತುಂಡನ್ನು ಬಿಟ್ಟುಬಿಡಿ.

ಇನ್ನು ಫ್ಲೇರಿಂಗ್. ಪೈಪು ಸೋರದಂತೆ ತಡೆಯುವುದು ತುದಿಯಲ್ಲಿ ಅರಳಿದ ಆ ಒಂದೆರಡು ಮಿಲಿಮೀಟರ್ ಲೋಹ ಮಾತ್ರ. ವಾಷರ್ ಇಲ್ಲ, ರಬ್ಬರ್ ಇಲ್ಲ. ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತಿ ಪ್ರಯೋಜನವಿಲ್ಲ, ಏಕೆಂದರೆ ಥ್ರೆಡ್ ಇಲ್ಲಿ ಬರೀ ಒತ್ತಿ ಹಿಡಿಯುತ್ತದೆ, ಮುಚ್ಚುವ ಕೆಲಸ ಅದರದಲ್ಲ. ಟೇಪಿನ ಚೂರು ಒಳಗೆ ಹೋದರೆ ಸಣ್ಣ ದಾರಿಗಳು ಕಟ್ಟಿಕೊಳ್ಳುತ್ತವೆ.

ಟ್ಯೂಬ್ ಕಟರನ್ನು ಪೈಪಿಗೆ ಹಗುರವಾಗಿ ತಾಗಿಸಿ ಒಂದು ಸುತ್ತು ತಿರುಗಿಸಿ, ಆಮೇಲೆ ಗುಬ್ಬಿಯನ್ನು ಕಾಲು ಸುತ್ತಿಗಿಂತ ಕಡಿಮೆ ಬಿಗಿಸಿ, ಮತ್ತೆ ತಿರುಗಿಸಿ. ಹೀಗೆ ಎಂಟು ಹತ್ತು ಸುತ್ತಿನಲ್ಲಿ ತುಂಡಾಗಲಿ. ಅವಸರದಿಂದ ಬಿಗಿಸಿದರೆ ತುದಿ ಒಳಕ್ಕೆ ಕುಗ್ಗುತ್ತದೆ, ಗಡುಸೂ ಆಗುತ್ತದೆ, ಅಂಥ ತುದಿ ಅರಳುವಾಗ ಸೀಳುತ್ತದೆ. ಹ್ಯಾಕ್ಸಾ ಬೇಡ. ತುದಿ ಓರೆಯಾಗುತ್ತದೆ, ಪುಡಿ ಒಳಗೆ ಸೇರುತ್ತದೆ.

ಕತ್ತರಿಸಿದ ಮೇಲೆ ತುದಿ ಕೆಳಮುಖವಾಗಿ ಹಿಡಿದು ಒಳಗಿನ ಬರ್ (ಕತ್ತರಿಸಿದಾಗ ಅಂಚಿನಲ್ಲಿ ಏಳುವ ಚೂಪು ಲೋಹ) ಅನ್ನು ರೀಮರಿನಿಂದ ತೆಗೆಯಿರಿ. ತುದಿಯ ಮುಖವನ್ನು ಅರದಿಂದ ಪೈಪಿಗೆ ಲಂಬವಾಗಿ ಸಮತಟ್ಟು ಮಾಡಿ, ಹೊರಅಂಚಿಗೆ ಕೂದಲಿನಷ್ಟು ಓರೆ ಕೊಡಿ. ಉಗುರು ಸವರಿದಾಗ ಎಲ್ಲೂ ತಡೆಯಬಾರದು. ಕಣ್ಣಿಗೆ ಕಾಣದಷ್ಟು ಸಣ್ಣ ಬರ್ ಉಳಿದರೂ ಅಲ್ಲಿಂದಲೇ ಬಿರುಕು ಶುರುವಾಗುತ್ತದೆ. ಪೈಪಿನೊಳಗೆ ಗಾಳಿ ಊದಿ ಪುಡಿ ಹೊರಹಾಕಿ. ಈಗ ನಟ್ಟನ್ನು ಪೈಪಿಗೆ ಪೋಣಿಸಿ, ಥ್ರೆಡ್ ತುದಿಯ ಕಡೆಗೆ ಇರುವಂತೆ. ಇನ್ನೊಂದು ತುದಿಯ ಫ್ಲೇರ್ ಹೊಡೆಯುವ ಮೊದಲು ಎರಡನೆಯ ನಟ್ಟು ಒಳಗಿದೆಯೇ, ಮುಖ ಸರಿಯಿದೆಯೇ ಎಂದು ಎರಡೆರಡು ಸಲ ನೋಡಿ. ಎರಡೂ ಬಾಯಿ ಅರಳಿದ ಮೇಲೆ ನಟ್ಟು ಹಾಕಲು ದಾರಿಯಿಲ್ಲ, ಮತ್ತೆ ಕತ್ತರಿಸಬೇಕು.

ಪಟ್ಟಿಯ ಡೈಯಲ್ಲಿ 4.75ರ ತೂತಿಗೆ ಪೈಪು ಇಳಿಸಿ, ಓರೆಯಿರುವ ಮುಖ ಮೇಲಿರಲಿ. ಪೈಪು ಎಷ್ಟು ಎದ್ದು ನಿಲ್ಲಬೇಕು ಎಂಬ ಅಳತೆ ಕಿಟ್ಟಿನಲ್ಲೇ ಇದೆ. ಆ ಅಳತೆಯ ಅಡಾಪ್ಟರನ್ನು (ನಡುವೆ ಕಡ್ಡಿಯಿರುವ ಸಣ್ಣ ಬಿಲ್ಲೆ) ಡೈ ಮೇಲೆ ಪೈಪಿನ ಪಕ್ಕ ಇಟ್ಟರೆ, ಅದರ ಅಂಚಿನ ಮೆಟ್ಟಿಲಿನ ಎತ್ತರಕ್ಕೆ ಪೈಪಿನ ತುದಿ ಸಮನಾಗಿರಬೇಕು. ಹೆಚ್ಚು ಎದ್ದರೆ ಫ್ಲೇರ್ ದೊಡ್ಡದಾಗಿ ನಟ್ಟಿನೊಳಗೆ ಕೂರುವುದಿಲ್ಲ, ಕಡಿಮೆಯಾದರೆ ಮಡಚಲು ಲೋಹವೇ ಸಾಲದು. ಡೈಯ ಎರಡೂ ರೆಕ್ಕೆ ನಟ್ಟುಗಳನ್ನು ಗಟ್ಟಿಯಾಗಿ ಬಿಗಿಸಿ, ಮೊದಲು ಪೈಪಿನ ಪಕ್ಕದ್ದನ್ನು. ಪೈಪಿನ ಹೊರಮೈ ಮೇಲೂ ಡೈಯ ಹಲ್ಲಿನ ಮೇಲೂ ಎಣ್ಣೆ ಇರಕೂಡದು. ಒತ್ತುವಾಗ ಪೈಪು ಕೆಳಕ್ಕೆ ಜಾರುವುದು ಈ ಅಗ್ಗದ ಟೂಲಿನ ದೊಡ್ಡ ರೋಗ.

ಅಡಾಪ್ಟರಿನ ಕಡ್ಡಿಯನ್ನು ಪೈಪಿನ ತೂತಿಗೆ ಇಳಿಸಿ, ತಾಗುವ ಕಡೆ ಒಂದು ಹನಿ ಬ್ರೇಕ್ ಆಯಿಲ್ ಹಚ್ಚಿ. ಎಂಜಿನ್ ಆಯಿಲ್, ಗ್ರೀಸ್, ಸೀಮೆಎಣ್ಣೆ ಯಾವುದೂ ಬೇಡ. ಬ್ರೇಕಿನ ಒಳಗಿರುವ ರಬ್ಬರ್ ಆ ಎಣ್ಣೆಗಳಿಗೆ ಉಬ್ಬಿ ಹಾಳಾಗುತ್ತದೆ. ಸ್ಕ್ರೂವನ್ನು ನಿಧಾನವಾಗಿ ಇಳಿಸಿ, ಅಡಾಪ್ಟರಿನ ಮುಖ ಡೈಗೆ ಪೂರ್ತಿ ತಾಗುವ ತನಕ. ಬಿಚ್ಚಿ ನೋಡಿದರೆ ಪೈಪಿನ ತುದಿ ಅಣಬೆಯ ಕೊಡೆಯಂತೆ ಉಬ್ಬಿ, ಅಂಚು ಒಳಕ್ಕೆ ಬಾಗಿರುತ್ತದೆ. ಉಬ್ಬು ಸುತ್ತಲೂ ಸಮನಾಗಿದ್ದರೆ ಮಾತ್ರ ಮುಂದಿನ ಹೆಜ್ಜೆ. ಒಂದು ಕಡೆ ವಾಲಿದ್ದರೆ ಅಲ್ಲೇ ಕತ್ತರಿಸಿಬಿಡಿ, ಎರಡನೆಯ ಹೆಜ್ಜೆ ಅದನ್ನು ಸರಿಮಾಡುವುದಿಲ್ಲ. ಈಗ ಅಡಾಪ್ಟರ್ ತೆಗೆದು, ಸ್ಕ್ರೂವಿನ ಶಂಕುವನ್ನೇ ನೇರವಾಗಿ ಇಳಿಸಿ. ಒಳಕ್ಕೆ ಬಾಗಿದ ಅಂಚು ಇನ್ನಷ್ಟು ಮಡಚಿ, ಕೆಳಗಿನ ಪದರದ ಮೇಲೆ ಚಪ್ಪಟೆಯಾಗಿ ಕೂರುತ್ತದೆ. ಬಿಗಿ ಬಂದಮೇಲೆ ಇನ್ನೂ ಒತ್ತುತ್ತಾ ಹೋಗಬೇಡಿ, ಎರಡು ಪದರವೂ ಹಿಂಡಿ ತೆಳುವಾಗುತ್ತವೆ.

ಒಂದು ವಿಷಯದಲ್ಲಿ ಗೊಂದಲ ಬೇಡ: ಮೊದಲ ಹೆಜ್ಜೆಯಲ್ಲಿ ಬರುವ ಆ ಅಣಬೆ ಆಕಾರವೂ ಯುರೋಪಿನ ಬಬಲ್ ಫ್ಲೇರೂ ಒಂದೇ ಅಲ್ಲ. ಬಬಲ್ಲಿಗೆ ಬೆನ್ನು ಚಪ್ಪಟೆ ಇರಬೇಕು, ಅದಕ್ಕೆ ಬೇರೆಯೇ ಡೈ ಬೇಕು. ಅರ್ಧ ಮಾಡಿದ ಡಬಲ್ ಫ್ಲೇರನ್ನು ಬಬಲ್ ಎಂದು ಕೂರಿಸುವುದು ಅಪಾಯ.

ಒಳ್ಳೆಯ ಫ್ಲೇರನ್ನು ಭೂತಗನ್ನಡಿಯಲ್ಲಿ ನೋಡಿದರೆ ಹೀಗಿರುತ್ತದೆ: ಬಾಯಿಯ ಅಗಲ ಸುಮಾರು 7 ಮಿ.ಮೀ., ಸುತ್ತಲೂ ಒಂದೇ ಅಗಲದ ಹೊಳೆಯುವ ಓರೆ ಪಟ್ಟಿ, ಒಳಗೆ ಪೈಪಿನ ತೂತು ನಟ್ಟನಡುವೆ, ಮಡಚಿದ ಅಂಚು ಒಂದು ಕಡೆ ಮೇಲೆ ಒಂದು ಕಡೆ ಕೆಳಗೆ ಇಲ್ಲದೆ ಸಮನಾಗಿ ಮುಗಿಯುತ್ತದೆ. ಪಟ್ಟಿಯ ಮೇಲೆ ಅಡ್ಡಗೀರು ಒಂದಿದ್ದರೂ ಅದೇ ಸೋರುವ ಕಾಲುವೆ. ಬೆನ್ನ ಹಿಂದೆ, ಡೈಯ ಹಲ್ಲು ಕಚ್ಚಿದ ಕಡೆ ಆಳವಾದ ಗಾಯವಿದ್ದರೆ ಆ ತುದಿಯನ್ನೂ ಬಿಡಿ, ನಡುಕಕ್ಕೆ ಅಲ್ಲೇ ಮುರಿಯುತ್ತದೆ.

ಫ್ಲೇರ್ ಒಂದು ಕಡೆಗೆ ಸರಿದಿದ್ದರೆ ತುದಿಯನ್ನು ಓರೆಯಿಲ್ಲದೆ ನೇರವಾಗಿ ಕತ್ತರಿಸಿಲ್ಲ, ಅಥವಾ ಶಂಕು ಪೈಪಿನ ನಡುವಿಗೆ ನಿಂತಿರಲಿಲ್ಲ ಎಂದರ್ಥ. ಅಂಚು ಸೀಳಿದ್ದರೆ ಬರ್ ಉಳಿದಿತ್ತು, ಇಲ್ಲವೇ ಪೈಪಿನ ವಸ್ತು ಸರಿಯಿಲ್ಲ. ಫ್ಲೇರ್ ಚಿಕ್ಕದಾಗಿದ್ದರೆ ಪೈಪು ಡೈಯಲ್ಲಿ ಜಾರಿದೆ. ಅಭ್ಯಾಸಕ್ಕೆ ಒಂದು ಮೀಟರ್ ಪೈಪು ಮೀಸಲಿಡಿ, ಸತತವಾಗಿ ಐದು ಫ್ಲೇರ್ ಒಂದೇ ಥರ ಬರುವ ತನಕ ಗಾಡಿಯ ಪೈಪಿಗೆ ಕೈ ಹಾಕಬೇಡಿ. ಒಂದನ್ನು ಉದ್ದಕ್ಕೆ ಅರ್ಧ ಸೀಳಿ ಒಳಗೆ ನೋಡಿ. ಎರಡು ಪದರ ಒಂದಕ್ಕೊಂದು ಅಂಟಿ ಕೂತಿವೆಯೇ, ನಡುವೆ ಪೊಳ್ಳು ಇದೆಯೇ ಎಂಬುದು ಆಗಲೇ ತಿಳಿಯುವುದು.

ಒಂದು ತುದಿ ಫ್ಲೇರ್ ಮಾಡಿ, ಪೈಪನ್ನು ಬಗ್ಗಿಸುತ್ತ ದಾರಿಗೆ ಕೂರಿಸಿ, ಕೊನೆಯ ಅಳತೆ ನೋಡಿ ಇನ್ನೊಂದು ತುದಿ ಮಾಡುವುದು ಒಳ್ಳೆಯದು. ಕೊನೆಯ ಬಾಗು ಫ್ಲೇರಿನಿಂದ 4 ಸೆಂ.ಮೀ. ದೂರವಾದರೂ ಇರಲಿ, ಇಲ್ಲದಿದ್ದರೆ ಡೈ ಹಿಡಿಯಲಾಗದು, ನಟ್ಟು ಹಿಂದೆ ಸರಿಯದು. ಬಾಗಿನ ತ್ರಿಜ್ಯ 15 ಮಿ.ಮೀ.ಗಿಂತ ಕಿರಿದಾಗಬಾರದು. ಬೆಂಡರ್ ಇಲ್ಲದಿದ್ದರೆ 30 ಮಿ.ಮೀ. ಅಗಲದ ಸಾಕೆಟ್ಟಿನ ಸುತ್ತ ಹೆಬ್ಬೆರಳಿಂದ ಒತ್ತಿ ಬಗ್ಗಿಸಿ. ಕಾರ್ಖಾನೆಯ ಕ್ಲಿಪ್ಪಿನ ಜಾಗಗಳನ್ನೇ ಬಳಸಿ, ಒಂದನ್ನೂ ಬಿಡಬೇಡಿ, ಕ್ಲಿಪ್ಪಿನ ಒಳಗೆ ರಬ್ಬರಿನ ಪದರ ಕೊಡಿ. ಕ್ಲಿಪ್ಪಿಲ್ಲದೆ ಜೋತುಬಿದ್ದ ಪೈಪು ಎಷ್ಟೇ ಒಳ್ಳೆಯ ಲೋಹದ್ದಾದರೂ ಬಾಳುವುದಿಲ್ಲ. ಸೈಲೆನ್ಸರ್, ಪ್ರೊಪೆಲ್ಲರ್ ಶಾಫ್ಟ್, ಲೀಫ್ ಸ್ಪ್ರಿಂಗಿನ ಯು-ಬೋಲ್ಟ್ ಇವುಗಳಿಂದ ಎರಡು ಬೆರಳು ದೂರವಿರಲಿ.

ಕೂರಿಸುವಾಗ ಎರಡೂ ನಟ್ಟುಗಳನ್ನು ಬೆರಳಲ್ಲೇ ನಾಲ್ಕೈದು ಸುತ್ತು ಹತ್ತಿಸಿ. ಪೈಪನ್ನು ಎಳೆದು ಹಿಡಿದು ಪಾನಾದಿಂದ ಬಲವಂತ ಮಾಡಿದರೆ ಥ್ರೆಡ್ ಅಡ್ಡ ಕಚ್ಚುತ್ತದೆ. ಎಂ10ರ ಬ್ರೇಕ್ ನಟ್ಟಿಗೆ ಬಿಗಿ 16 ನ್ಯೂಟನ್ ಮೀಟರ್ ಆಸುಪಾಸು. ಟಾರ್ಕ್ ರೆಂಚ್ ಇಲ್ಲದಿದ್ದರೆ, 15 ಸೆಂ.ಮೀ. ಉದ್ದದ ಪಾನಾದ ತುದಿಯಲ್ಲಿ ಸುಮಾರು 11 ಕಿಲೋ ತೂಕ ಎಳೆದಷ್ಟು ಬಲ ಅದು. ಬಿಗಿಸಿ, ಅರ್ಧ ಸುತ್ತು ಸಡಿಲಿಸಿ, ಮತ್ತೆ ಬಿಗಿಸಿ. ಹೀಗೆ ಎರಡು ಸಲ ಮಾಡಿದರೆ ಹೊಸ ಫ್ಲೇರ್ ತನ್ನ ಪೀಠಕ್ಕೆ ಹೊಂದಿ ಕೂರುತ್ತದೆ. ಆಮೇಲೂ ಜಿನುಗಿದರೆ ಫ್ಲೇರ್ ಸರಿಯಿಲ್ಲವೆಂದೇ ತಿಳಿಯಿರಿ. ಇನ್ನೂ ಬಿಗಿಸುತ್ತ ಹೋದರೆ ಪೈಪುಗಳು ಕವಲೊಡೆಯುವ ಟೀ ಜಾಯಿಂಟಿನ ಪೀಠವೂ ಹಾಳು.

ಆಯಿಲ್ ಯಾವುದೆಂದು ಡಬ್ಬಿಯ ಮುಚ್ಚಳದ ಮೇಲೆ ಬರೆದಿರುತ್ತದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲಿನ ಕುದಿಬಿಂದು ಹೊಸದರಲ್ಲಿ ಕನಿಷ್ಠ 205 ಡಿಗ್ರಿ, ನೀರು ಹೀರಿಕೊಂಡ ಮೇಲೆ 140. ಡಾಟ್ 4ರದ್ದು 230 ಮತ್ತು 155. ಕರಾವಳಿಯ ತೇವಕ್ಕೆ ಬ್ರೇಕ್ ಆಯಿಲ್ ಬೇಗನೆ ನೀರು ಹೀರುತ್ತದೆ, ಆದ್ದರಿಂದ ಬಾಯಿ ತೆರೆದಿಟ್ಟ ಹಳೆಯ ಬಾಟಲಿಯನ್ನು ಬಳಸಬೇಡಿ. ಸಿಲಿಕೋನಿನ ಡಾಟ್ 5 ಇದರೊಂದಿಗೆ ಬೆರೆಯದು. ಪೂರ್ತಿ ಹೊಸದು ತುಂಬಲು ಒಂದು ಲೀಟರ್ ತಂದಿಡಿ.

ಬ್ಲೀಡಿಂಗ್, ಅಂದರೆ ಪೈಪಿನೊಳಗಿನ ಗಾಳಿ ತೆಗೆಯುವ ಕೆಲಸ, ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಚಕ್ರದ ಬಳಿ ಗಾಳಿ ಬಿಡಲು ಇರುವ ನಿಪ್ಪಲ್ಲಿಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ ಅದರ ತುದಿ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಲಿ. ಒಳಗೆ ಕೂತವರು ಪೆಡಲ್ ಒತ್ತಿ ಹಿಡಿದಾಗ ನಿಪ್ಪಲ್ ಬಿಚ್ಚಿ, ಪೆಡಲ್ ಬಿಡುವ ಮೊದಲೇ ಮುಚ್ಚಿ. ಡಬ್ಬಿ ಬರಿದಾಗದಂತೆ ನೋಡುತ್ತಿರಿ. ಹಳೆಯ ಮಾಸ್ಟರ್ ಸಿಲಿಂಡರಾದರೆ ಪೆಡಲಿನ ಕೆಳಗೆ ಒಂದು ಮರದ ತುಂಡು ಇಡಿ. ದಿನನಿತ್ಯ ಪಿಸ್ಟನ್ ಹೋಗದ ಕೊನೆಯ ಭಾಗದಲ್ಲಿ ತುಕ್ಕಿನ ಕಲೆ ಕೂತಿರುತ್ತದೆ, ನೆಲ ಮುಟ್ಟುವಂತೆ ತುಳಿದರೆ ಪಿಸ್ಟನ್ನಿನ ರಬ್ಬರ್ ಆ ಕಲೆಗೆ ಉಜ್ಜಿ ಹರಿದುಹೋಗುತ್ತದೆ. ಹಾಗೆ ಪೈಪು ಬದಲಿಸಿದ ಮರುದಿನ ಮಾಸ್ಟರ್ ಸಿಲಿಂಡರ್ ಕೆಡುವುದುಂಟು.

ಗಾಳಿಯೆಲ್ಲ ಹೋದಮೇಲೆ ಪ್ರತಿ ಜಾಯಿಂಟನ್ನೂ ಒರೆಸಿ ಒಣಗಿಸಿ, ಟಿಶ್ಯೂ ಕಾಗದ ಸುತ್ತಿ. ಎಂಜಿನ್ ಚಾಲೂ ಮಾಡಿ, ಪೆಡಲನ್ನು ಬಲವಾಗಿ ಒಂದು ನಿಮಿಷ ತುಳಿದು ಹಿಡಿಯಿರಿ, ಹೀಗೆ ಐದು ಸಲ. ಪೆಡಲ್ ಇಳಿಯುತ್ತ ಹೋಗಬಾರದು, ಕಾಗದ ಒದ್ದೆಯಾಗಬಾರದು. ಕಾಗದವನ್ನು ರಾತ್ರಿಯಿಡೀ ಹಾಗೇ ಬಿಟ್ಟು ಬೆಳಿಗ್ಗೆ ಮತ್ತೊಮ್ಮೆ ನೋಡಿ. ಮೊದಲ ಓಡಾಟ ಅಂಗಳದಲ್ಲೇ, ನಡಿಗೆಯ ವೇಗದಲ್ಲಿ, ಹ್ಯಾಂಡ್‌ಬ್ರೇಕ್ ಕೈಗೆ ಸಿಗುವಂತಿರಲಿ. ಒಂದು ವಾರದ ನಂತರ, ಆಮೇಲೆ ಮಳೆಗಾಲದ ಮೊದಲು ಮತ್ತು ನಂತರ, ಜಾಯಿಂಟುಗಳನ್ನು ಬೆರಳಲ್ಲಿ ಸವರಿ ನೋಡಿ. ಮೊದಲ ಸಲ ಮಾಡಿದ ಕೆಲಸವನ್ನು ಅನುಭವಿ ಮೆಕ್ಯಾನಿಕ್ಕಿನ ಕಣ್ಣಿಗೆ ಒಮ್ಮೆ ತೋರಿಸಿ, ಇದರಲ್ಲಿ ಸಂಕೋಚ ಬೇಡ.

ಮುಂದಿನ ಎಡ ಚಕ್ರಕ್ಕೆ ಎರಡು ವರ್ಷದ ಹಿಂದೆ ಹಾಕಿದ ತಾಮ್ರದ ಪೈಪನ್ನೂ ಇದೇ ಸಲ ತೆಗೆಯಿರಿ. ಗಾಡಿ ನಿಲ್ಲಿಸುವ ಬಲದಲ್ಲಿ ಹೆಚ್ಚಿನ ಪಾಲು ಮುಂದಿನ ಚಕ್ರಗಳದು, ಆ ಪೈಪು ಹೋದರೆ ಹಿಂದಿನದು ಹೋದದ್ದಕ್ಕಿಂತ ಹೆಚ್ಚು ಕಷ್ಟ. ಬಿಚ್ಚಿದ ಮೇಲೆ ನಟ್ಟನ್ನು ಹಿಂದೆ ಸರಿಸಿ ಫ್ಲೇರಿನ ಕುತ್ತಿಗೆಯನ್ನು ಭೂತಗನ್ನಡಿಯಲ್ಲಿ ನೋಡಿ. ಬಿರುಕು ಕಾಣದಿದ್ದರೂ ಅದನ್ನು ಮರಳಿ ಹಾಕಬೇಡಿ. ಸುರುಳಿಯಲ್ಲಿ ಉಳಿದ ಕ್ಯುಪ್ರೋನಿಕಲ್ ಅದಕ್ಕೆ ಸಾಲುತ್ತದೆ, ಹೆಚ್ಚುವರಿ ತಂದ ಎರಡು ನಟ್ಟು ಆಗ ಕೆಲಸಕ್ಕೆ ಬರುತ್ತವೆ.